ಮೊದಲು ತಾರಸಿ, ಆಮೇಲೆ ಫಾಲ್ಸ್ ಸೀಲಿಂಗ್

ಹೊಸ ಮನೆ ಕಟ್ಟುವವರ ಲೆಕ್ಕದ ಪುಸ್ತಕದಲ್ಲಿ ಈಗ ಫಾಲ್ಸ್ ಸೀಲಿಂಗ್‌ಗೆ ಖಾಯಂ ಜಾಗ ಸಿಕ್ಕಿದೆ. ಬಳ್ಳಾರಿ ನಗರದಲ್ಲಷ್ಟೇ ಅಲ್ಲ, ಸಿರುಗುಪ್ಪ, ಕುರುಗೋಡು, ಹಚ್ಚೊಳ್ಳಿಯ ಕಡೆಯೂ ಹಾಲ್ ಎಂದರೆ ಜಿಪ್ಸಂ ಬೋರ್ಡಿನ ಚಾವಣಿ, ಅದರ ಅಂಚಿಗೆ ಬಣ್ಣದ ದೀಪ. ಅಂದಕ್ಕೆ ಅಂದವೂ ಆಯಿತು, ತಂಪಿಗೆ ತಂಪೂ ಆಯಿತು ಎಂಬುದು ಇದರ ಸಮರ್ಥನೆ. ಅಂದದ ಮಾತು ಅವರವರ ಅಭಿರುಚಿಗೆ ಬಿಟ್ಟದ್ದು. ತಂಪಿನ ಮಾತನ್ನು ಮಾತ್ರ ಲೆಕ್ಕ ಹಾಕಿ ನೋಡಬೇಕಾಗುತ್ತದೆ. ನೋಡಿದರೆ, ನಮ್ಮ ಬಿಸಿಲನ್ನು ಸ್ಲ್ಯಾಬಿನ ಮೇಲೆಯೇ ತಡೆಯುವುದು ಮೊದಲ ಕೆಲಸ, ಕೆಳಗೆ ತಡೆಯುವುದು ಎರಡನೆಯದು ಎಂದು ತಿಳಿಯುತ್ತದೆ. ಗುತ್ತಿಗೆ ಕೊಡುವಾಗಲೂ ಅದೇ ಕ್ರಮ ಇರಬೇಕು.

ಸಿರುಗುಪ್ಪ ಇರುವುದು ಸುಮಾರು ಹದಿನೈದೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಮೇ ಮೊದಲ ವಾರದ ಮಧ್ಯಾಹ್ನ ಸೂರ್ಯ ಇಲ್ಲಿ ನೆತ್ತಿಯ ನೇರಕ್ಕೇ ಬರುತ್ತಾನೆ. ಬಿಸಿಲು 40 ಡಿಗ್ರಿ ದಾಟುವ ಕಾಲವೂ ಅದೇ. ಆ ಹೊತ್ತಿಗೆ ಗೋಡೆಗಳಿಗೆ ಬೀಳುವ ಬಿಸಿಲು ಓರೆಯದು, ಪೂರ್ತಿ ಪೆಟ್ಟು ತಿನ್ನುವುದು ತಾರಸಿ. ಬರಿಯ ಸಿಮೆಂಟಿನ ಬೂದು ಮೈ ತನ್ನ ಮೇಲೆ ಬಿದ್ದ ಬಿಸಿಲಿನ ಅರ್ಧಕ್ಕಿಂತ ಹೆಚ್ಚನ್ನು ಹೀರುತ್ತದೆ. ನಾಲ್ಕೈದು ಇಂಚಿನ ಸ್ಲ್ಯಾಬು ಅದನ್ನು ಕೆಲವು ಗಂಟೆ ಹಿಡಿದಿಟ್ಟುಕೊಂಡು ಸಂಜೆಯ ಹೊತ್ತಿಗೆ ಒಳಗೆ ಬಿಡಲು ಶುರುಮಾಡುತ್ತದೆ. ಹೊರಗೆ ಗಾಳಿ ತಣ್ಣಗಾದ ಮೇಲೂ ಒಳಗೆ ಮಲಗಿದವರ ಮೈ ಬೇಯುವುದು ಇದರಿಂದ. ಫ್ಯಾನ್ ಆಗ ಮಾಡುವುದೆಂದರೆ ಚಾವಣಿಯ ಕಾದ ಗಾಳಿಯನ್ನು ಕೆಳಗೆ ತಳ್ಳುವುದು.

ಈ ಸೀಮೆಯ ಹಳೆಯ ಮಾಳಿಗೆ ಮನೆಗಳಿಗೆ ಈ ಕಾಟ ಕಡಿಮೆಯಿತ್ತು. ಕಂಬ, ತೊಲೆ, ಜಂತಿ, ಅದರ ಮೇಲೆ ಅಡಿಗಟ್ಟಲೆ ಮಣ್ಣು, ಮಳೆಗಾಲಕ್ಕೆ ಮುಂಚೆ ಮತ್ತೊಂದು ಪದರ ಚೌಳು ಮಣ್ಣು. ಬೆಳಕಿಂಡಿಯಿಂದ ಕಾದ ಗಾಳಿ ಹೊರಗೆ. ಮಣ್ಣಿಗೆ ಮಾಯಾಶಕ್ತಿ ಇತ್ತೆಂದೇನೂ ಅಲ್ಲ. ಆರು ಇಂಚಿನ ಮಣ್ಣು ತಡೆಯುವ ಶಾಖವನ್ನು ಒಂದು ಇಂಚಿಗೂ ಕಡಿಮೆ ದಪ್ಪದ ಥರ್ಮೋಕೋಲ್ ತಡೆಯಬಲ್ಲದು. ಆದರೆ ಮಣ್ಣು ಇದ್ದದ್ದು ಸರಿಯಾದ ಜಾಗದಲ್ಲಿ, ಅಂದರೆ ಮೇಲೆ. ಆರ್‌ಸಿಸಿ ಬಂದಾಗ ಸೋರಿಕೆ, ಗೆದ್ದಲು, ವರ್ಷವರ್ಷದ ಮಣ್ಣು ಹೊರುವ ಕೆಲಸ ಎಲ್ಲ ತಪ್ಪಿತು. ಅದರ ಜೊತೆಗೆ ಹೊದಿಕೆಯೂ ಹೋಯಿತು, ಅದರ ಬದಲಿಗೆ ಏನು ಎಂದು ಕೇಳಿದವರು ಕಡಿಮೆ.

ಚಾವಣಿಯ ಮೇಲೆ ಕೆಳಗೆ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಒಂದು ಚದರ ಮೀಟರ್ ಮೂಲಕ ಎಷ್ಟು ವಾಟ್ ಶಾಖ ಹಾಯುತ್ತದೆ ಎಂಬುದು ಶಾಖ ತಡೆಯುವ ವಿದ್ಯೆಯ ಅಳತೆಗೋಲು. ಬರಿಯ ಸ್ಲ್ಯಾಬಿಗೆ ಇದು ಸುಮಾರು 3.5. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ವಾಸದ ಕಟ್ಟಡಗಳಿಗೆಂದು ತಂದ ಇಕೋ ನಿವಾಸ್ ಸಂಹಿತೆ ಹೇಳುವ ಮಿತಿ 1.2. ಸ್ಲ್ಯಾಬಿನ ಕೆಳಗೆ ಗಾಳಿಯ ಸಂದು ಬಿಟ್ಟು 12.5 ಮಿಲಿಮೀಟರ್ ಜಿಪ್ಸಂ ಬೋರ್ಡು ಹೊಡೆದರೆ ಲೆಕ್ಕ 1.8ರ ಆಸುಪಾಸಿಗೆ ಬರುತ್ತದೆ. ಸ್ಲ್ಯಾಬಿನ ಮೇಲೆ ಎರಡಿಂಚು ಗಟ್ಟಿ ಫೋಮ್ ಹಾಸಿದರೆ 0.6ಕ್ಕೆ ಇಳಿಯುತ್ತದೆ.

ಹಾಗಾದರೆ ಫಾಲ್ಸ್ ಸೀಲಿಂಗ್ ಹಾಕಿಸಿದವರು ತಂಪಾಯಿತು ಎನ್ನುವುದು ಸುಳ್ಳಲ್ಲ. ಶಾಖ ಹೆಚ್ಚುಕಡಿಮೆ ಅರ್ಧವಾಗುತ್ತದೆ, ಬೋರ್ಡಿನ ಮೇಲೆ ಎರಡಿಂಚು ರಾಕ್‌ವುಲ್ ಹಾಸಿದರೆ ಇನ್ನೂ ಇಳಿಯುತ್ತದೆ. ಹಗಲು ಎಸಿ ಹಾಕುವ ಕೋಣೆಗೆ ಇದು ಒಪ್ಪುವ ಕೆಲಸ, ಏಕೆಂದರೆ ಎಸಿ ತಣಿಸಬೇಕಾದ ಗಾಳಿ ಕಡಿಮೆ. ಮಹಡಿ ಮನೆಯ ಬಾಡಿಗೆದಾರರಿಗೆ ತಾರಸಿಯ ಮೇಲೆ ಹಕ್ಕಿಲ್ಲ, ಅವರಿಗೆ ಇದೇ ದಾರಿ. ಆದರೆ ಸ್ವಂತ ಮನೆಯವರು ಮರೆಯುವ ಒಂದು ವಿಷಯವಿದೆ. ಕೆಳಗಿನ ತಡೆ ಸ್ಲ್ಯಾಬನ್ನು ಕಾಯುವುದಿಲ್ಲ. ಅದು ಹಗಲು ಕಾದು ಹಿಗ್ಗುವುದು, ರಾತ್ರಿ ಕುಗ್ಗುವುದು ಹಾಗೆಯೇ ನಡೆಯುತ್ತದೆ. ಬಿರುಕು ಬಿಟ್ಟು ನೀರು ಇಳಿದರೆ ಮೊದಲು ಹಾಳಾಗುವುದು ಆ ಚೆಂದದ ಬೋರ್ಡೇ, ನೀರು ಕುಡಿದ ಜಿಪ್ಸಂಗೆ ಮರುಜೀವವಿಲ್ಲ. ಫಾಲ್ಸ್ ಸೀಲಿಂಗಿನ ಮರೆಯಲ್ಲಿ ಸೋರಿಕೆ ಎಲ್ಲಿಯದೆಂದು ಹುಡುಕುವುದೂ ಕಷ್ಟ.

ಮೇಲೆ ಫೋಮ್ ಹಾಸಿದರೆ ರಾತ್ರಿಯ ತಂಪೂ ಒಳಗೆ ಇಳಿಯುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಎಸಿ ಇಲ್ಲದ ಮನೆಗೆ ಮೊದಲ ಹೆಜ್ಜೆಯಾಗಿ ಬಿಳಿ ಬಣ್ಣ ಹೇಳುವುದು ಅದಕ್ಕೇ. ತಾರಸಿಗೆ ಒಳ್ಳೆಯ ಬಿಳಿ ಲೇಪ ಬಳಿದರೆ ಬಿಸಿಲಿನ ಬಹುಪಾಲು ಹಿಂದಕ್ಕೆ ಹೋಗುತ್ತದೆ, ರಾತ್ರಿ ಸ್ಲ್ಯಾಬು ಆಕಾಶಕ್ಕೆ ಶಾಖ ಬಿಟ್ಟು ತಣಿಯಲೂ ಅಡ್ಡಿಯಿಲ್ಲ. ಅಹಮದಾಬಾದು ಬಡವರ ಮನೆಗಳ ಚಾವಣಿಗೆ ಬಿಳಿ ಬಳಿಸಿ ದಾರಿ ತೋರಿತು, ಪಕ್ಕದ ತೆಲಂಗಾಣ 2023ರಲ್ಲಿ ಕೂಲ್ ರೂಫ್ ನೀತಿಯನ್ನೇ ತಂದಿತು. ನಮ್ಮಲ್ಲಿ ಇದರ ಶತ್ರು ಧೂಳು. ಬಳ್ಳಾರಿಯ ಕೆಂಧೂಳು ಕೂತ ಬಿಳಿ, ಬಿಳಿಯಲ್ಲ. ವರ್ಷಕ್ಕೊಮ್ಮೆ ಬೇಸಿಗೆಗೆ ಮುಂಚೆ ತೊಳೆಯಬೇಕು, ಕೆಲವು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು. ಭತ್ತದ ಗಿರಣಿಗಳ ಊರಾದ ಸಿರುಗುಪ್ಪದಲ್ಲಿ ಹೊಟ್ಟನ್ನೇ ಸೀಲಿಂಗ್ ಮೇಲೆ ತುಂಬಿದರಾಗದೇ ಎನ್ನುವವರಿಗೆ ಉತ್ತರ: ಶಾಖ ತಡೆಯುತ್ತದೆ, ಜೊತೆಗೆ ಇಲಿಯನ್ನೂ ಬೆಂಕಿಯ ಭಯವನ್ನೂ ಸಾಕುತ್ತದೆ. ವೈರಿಂಗ್ ಪಕ್ಕದಲ್ಲಿ ಬರಿಯ ಥರ್ಮೋಕೋಲ್ ತುರುಕುವುದಕ್ಕೂ ಇದೇ ಉತ್ತರ.

ಇನ್ನು ಗುತ್ತೇದಾರರ ಮಾತು. "ಹತ್ತು ಡಿಗ್ರಿ ಇಳಿಸ್ತೀವಿ ಸರ್" ಎಂದರೆ ಯಾವುದರ ಹತ್ತು ಡಿಗ್ರಿ ಎಂದು ಕೇಳಿ. ತಾರಸಿಯ ಮೇಲ್ಮೈ ಅಷ್ಟು ಇಳಿಯುವುದು ಸುಲಭ, ಕೋಣೆಯ ಗಾಳಿ ಅಷ್ಟು ಇಳಿಯುವುದಿಲ್ಲ. ಕೈಯಲ್ಲಿ ಹಿಡಿದು ತಾಪ ನೋಡುವ ಇನ್‌ಫ್ರಾರೆಡ್ ಗನ್ನು ಈಗ ದುಬಾರಿಯೇನಲ್ಲ. ಕೆಲಸಕ್ಕೆ ಮುಂಚೆ ಮತ್ತು ಆಮೇಲೆ, ಒಂದೇ ಬಗೆಯ ಬಿಸಿಲಿನ ದಿನ, ಸಂಜೆ ಐದರ ಹೊತ್ತಿಗೆ ಸ್ಲ್ಯಾಬಿನ ಒಳಮೈ ಅಳೆದು ಬರೆದಿಡಿ, ಕೊನೆಯ ಕಂತನ್ನು ಆ ಅಳತೆ ನೋಡಿಯೇ ಕೊಡಿ. ಕೊಟೇಶನ್‌ನಲ್ಲಿ ಕಂಪನಿಯ ಹೆಸರು, ಚದರ ಅಡಿಯ ದರ ಮಾತ್ರ ಇದ್ದರೆ ಸಾಲದು. ಫೋಮಿನ ದಪ್ಪ ಎಷ್ಟು ಮಿಲಿಮೀಟರ್, ಸಾಂದ್ರತೆ ಎಷ್ಟು ಎಂದು ಬರೆಸಿ. ಟಿವಿ ಪೆಟ್ಟಿಗೆಯಲ್ಲಿ ಬರುವ ಹಗುರ ಥರ್ಮೋಕೋಲ್ ಜನ ಓಡಾಡುವ, ಸಂಡಿಗೆ ಒಣಗಿಸುವ ತಾರಸಿಗೆ ಬಾರದು. ಘನ ಮೀಟರಿಗೆ 30 ಕಿಲೋ ಆಸುಪಾಸಿನ, ಎಕ್ಸ್‌ಪಿಎಸ್ ಎಂಬ ಗಟ್ಟಿ ಫೋಮ್ ಬೇಕು. ಎಲ್ಲಕ್ಕೂ ಮುಂಚೆ ಸೋರಿಕೆಯ ಕೆಲಸ ಮುಗಿಯಬೇಕು: ಬಿರುಕು ತುಂಬಿ, ವಾಟರ್‌ಪ್ರೂಫಿಂಗ್ ಮಾಡಿ, ತಾರಸಿಗೆ ಕಟ್ಟೆ ಕಟ್ಟಿ ಎರಡು ದಿನ ನೀರು ನಿಲ್ಲಿಸಿ ನೋಡಿದ ಮೇಲೆಯೇ ಫೋಮ್, ಅದರ ಮೇಲೆ ಕಾಂಕ್ರೀಟು, ಟೈಲ್ಸು. ನೀರು ನಿಲ್ಲಿಸಲು ಒಪ್ಪದ ಗುತ್ತೇದಾರನಿಗೆ ಅಡ್ವಾನ್ಸ್ ಕೊಡಬೇಡಿ.

ಜಿಪ್ಸಂ ಬೋರ್ಡಿನ ಸಣ್ಣಪುಟ್ಟ ಕೆಲಸಕ್ಕೆ ಗುತ್ತೇದಾರನೇ ಬೇಕಿಲ್ಲ. ಎರಡು ಬೋರ್ಡು ಕೂಡುವಲ್ಲಿ ಗೆರೆಯಂತೆ ಬಿರುಕು ಬಿಡುವುದಕ್ಕೆ ಹಲವು ಸಲ ಕಾರಣ, ಟೇಪ್ ಹಾಕದೆ ಬರಿಯ ಗೋಡೆ ಪುಟ್ಟಿ ಮೆತ್ತಿರುವುದು. ಹಳೆಯ ಪುಟ್ಟಿ ಕೆರೆದು, ಜಾಯಿಂಟಿಂಗ್ ಕಾಂಪೌಂಡ್ ಬಳಿದು, ಅದು ಹಸಿಯಿರುವಾಗಲೇ ಕಾಗದದ ಟೇಪ್ ಒತ್ತಿ, ಒಣಗಿದ ಮೇಲೆ ಇನ್ನೆರಡು ತೆಳು ಕೋಟು ಬಳಿದರೆ ಸಾಕು. ದಪ್ಪಗೆ ಒಂದೇ ಸಲ ಮೆತ್ತಿದರೆ ಕುಗ್ಗಿ ಮತ್ತೆ ಸೀಳುತ್ತದೆ. ತೂತು ಬಿದ್ದಿದ್ದರೆ ಅದನ್ನು ಚೌಕವಾಗಿ ಕೊಯ್ದು, ಹಿಂದೆ ಮರದ ಪಟ್ಟಿ ಕೊಟ್ಟು, ಹೊಸ ತುಂಡನ್ನು ಸ್ಕ್ರೂ ಹಾಕಿ ಕೂರಿಸಿ ಸುತ್ತ ಟೇಪ್ ಹಚ್ಚಬೇಕು. ಸ್ಕ್ರೂವಿನ ತಲೆ ಬೋರ್ಡಿನ ಮೈಮೇಲಿನ ಕಾಗದವನ್ನು ಹರಿಯದೆ ಸ್ವಲ್ಪವೇ ಒಳಗಿಳಿಯಲಿ, ಬೋರ್ಡಿನ ಬಲ ಇರುವುದು ಆ ಕಾಗದದಲ್ಲಿ. ಉಜ್ಜುವಾಗ ಮೂಗಿಗೆ ಮಾಸ್ಕ್ ಇರಲಿ. ಬಚ್ಚಲಿಗೆ ಹಸಿರು ಮೈಯ ತೇವ ತಡೆಯುವ ಬೋರ್ಡೇ ಬೇಕು, ಅದೂ ನೇರ ನೀರು ಬೀಳದ ಕಡೆ. ನಮ್ಮ ಎರೆಮಣ್ಣಿನ ನೆಲದಲ್ಲಿ ಪಾಯವೇ ಅಲುಗಿ ಬಂದ ಬಿರುಕಿಗೆ ಮಾತ್ರ ಯಾವ ಟೇಪೂ ನಿಲ್ಲದು, ಅದಕ್ಕೆ ಎಂಜಿನಿಯರನ್ನು ಕರೆಯಿರಿ.

ತಾರಸಿಯ ಕೆಲಸಕ್ಕೆ ಹದವಾದ ಕಾಲ ದೀಪಾವಳಿಯಿಂದ ಶಿವರಾತ್ರಿ. ಈ ಸಲ ಮನೆಗೆ ಹಾಕುವ ದುಡ್ಡು ಒಂದೇ ಕೆಲಸಕ್ಕೆ ಸಾಲುವಂತಿದ್ದರೆ ಹಾಲ್‌ನ ಬಣ್ಣದ ದೀಪ ಮುಂದಿನ ವರ್ಷಕ್ಕಿರಲಿ, ಮೊದಲು ಮೆಟ್ಟಿಲು ಹತ್ತಿ ತಾರಸಿ ನೋಡಿ.