ಹಸುವಿನ ಹುಲ್ಲು, ಕುದುರೆಯ ಹುಲ್ಲು

ಬೀಳುಬಿದ್ದ ಜಮೀನಿಗೆ ಜೆಸಿಬಿ ತರಿಸಿ, ಒಂದೇ ದಿನಕ್ಕೆ ಬಯಲು ಮಾಡಿಸಿ, ಮರುವಾರವೇ ಕುದುರೆ ತಂದು ಬಿಡುವ ಯೋಚನೆಯಲ್ಲಿರುವವರು ದಯವಿಟ್ಟು ಒಂದು ಮಳೆಗಾಲ ತಡೆಯಿರಿ. ಟಿಪ್ಪು ಕಾಲದಿಂದ ಕುದುರೆ ಸಾಕಿದ ಕುಣಿಗಲ್ ಸೀಮೆಯೇ ಇರಲಿ, ದೇವನಹಳ್ಳಿಯ ಕೆಮ್ಮಣ್ಣೇ ಇರಲಿ, ಕೆದಕಿದ ನೆಲದಲ್ಲಿ ಹುಲ್ಲಿಗಿಂತ ಮೊದಲು ತಲೆಯೆತ್ತುವುದು ಪಾರ್ಥೇನಿಯಂ ಮತ್ತು ಲಂಟಾನ.

ಲಂಟಾನವನ್ನು ನೆಲಮಟ್ಟಕ್ಕೆ ಕಡಿದರೆ ಇನ್ನಷ್ಟು ದಟ್ಟವಾಗಿ ಚಿಗುರುತ್ತದೆ. ಕಾಂಡ ಬೇರಿಗೆ ಸೇರುವ ಗಂಟಿನಲ್ಲಿದೆ ಅದರ ಜೀವ. ಬೇಸಿಗೆ ಮಳೆಗೆ ನೆಲ ಮೆತ್ತಗಾದಾಗ ಪಿಕಾಸಿಯಿಂದ ಬುಡದ ಮಣ್ಣು ಬಿಡಿಸಿ, ಆ ಗಂಟಿನ ಕೆಳಗೆ, ಮಣ್ಣಿನೊಳಗೆ ಒಂದೆರಡು ಅಂಗುಲ ಇಳಿದು ತಾಯಿಬೇರು ಕತ್ತರಿಸಬೇಕು. ಕಿತ್ತ ಗಿಡವನ್ನು ಬೇರು ಮೇಲಾಗಿ ಇಟ್ಟು ಒಣಗಿಸಬೇಕು. ಹಕ್ಕಿಗಳು ಬೀಜ ತಂದು ಹಾಕುವುದರಿಂದ ಮರಗಳ ಬುಡದಲ್ಲಿ ಮುಂದಿನ ವರ್ಷವೂ ಸಸಿ ಏಳುತ್ತವೆ. ಎಳೆಯದಿದ್ದಾಗಲೇ ಕೀಳಿ.

ಕಡಿದು ಬಿಟ್ಟ ಸೊಪ್ಪಿನ ಭಯ ನನಗೆ ನಿಂತ ಪೊದೆಗಿಂತ ಹೆಚ್ಚು. ಬೇಲಿಸಾಲಿನ ಕಣಗಿಲೆ ಹಸಿಯಿದ್ದಾಗ ಕಹಿ, ಕುದುರೆ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಅದೇ ಎಲೆ ಒಣಗಿ ಹುಲ್ಲಿನಲ್ಲಿ ಬೆರೆತರೆ ತಿಂದುಬಿಡುತ್ತದೆ. ವಿಷ ಮಾತ್ರ ಹಾಗೇ ಇರುತ್ತದೆ, ಒಂದು ಹಿಡಿ ಒಣ ಎಲೆಗೇ ಹೃದಯ ನಿಲ್ಲಬಹುದು. ಹರಳು, ಉಮ್ಮತ್ತಿ, ಕಣಗಿಲೆಗಳ ಒಂದು ಕಡ್ಡಿಯೂ ಒಳಗೆ ಉಳಿಯಬಾರದು.

ಇನ್ನು ಹುಲ್ಲು. ಹೈನುಗಾರ ನೆರೆಯವರು ಪ್ರೀತಿಯಿಂದ ನೇಪಿಯರ್ ಕಡ್ಡಿ ಕೊಡುತ್ತಾರೆ. ಹಸುವಿಗೆ ಅದು ಒಳ್ಳೆಯ ಮೇವು. ಆದರೆ ನೇಪಿಯರ್, ಸೆಟಾರಿಯಾ, ಅಂಜನ ಹುಲ್ಲುಗಳಲ್ಲಿ ಆಕ್ಸಲೇಟ್ ಹೆಚ್ಚು. ಮೆಲುಕು ಹಾಕುವ ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಒಡೆಯುತ್ತವೆ. ಕುದುರೆಯಲ್ಲಿ ಅದು ಮೇವಿನ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕಿ ಲದ್ದಿಯ ಜೊತೆ ಹೊರಗೆ ಸಾಗಿಸುತ್ತದೆ. ಆ ಕೊರತೆಯನ್ನು ದೇಹ ಮೂಳೆಯಿಂದ ತುಂಬಿಕೊಳ್ಳುತ್ತದೆ. ತಿಂಗಳುಗಳ ಕಾಲ ಇದೇ ಮೇವಾದರೆ ನಡಿಗೆ ಬಿಗಿಯುತ್ತದೆ, ಕುಂಟು ಬರುತ್ತದೆ, ದವಡೆ ಮತ್ತು ಮೂಗಿನ ಇಕ್ಕೆಲ ಊದಿಕೊಳ್ಳುತ್ತವೆ. ಹೊಟ್ಟೆತುಂಬ ಹಸಿರು ಮೇಯುವ ಪ್ರಾಣಿಗೆ ಹೀಗಾದದ್ದು ನೋಡಲಾಗದು.

ನಾನು ನೆಚ್ಚಿಕೊಂಡಿರುವುದು ಗರಿಕೆಯನ್ನು. ಮುಂಗಾರು ಹಿಡಿದ ಮೇಲೆ ಬೇರುಸಹಿತ ತುಂಡುಗಳನ್ನು ಗೇಣುದ್ದಕ್ಕೊಂದರಂತೆ ನೆಟ್ಟರೆ ತಾನೇ ಹಬ್ಬಿ ಗೊರಸಿನ ತುಳಿತವನ್ನೂ ತಾಳಿಕೊಳ್ಳುತ್ತದೆ. ನಡುವೆ ರೋಡ್ಸ್ ಹುಲ್ಲಿನ ಬೀಜ ಎರಚಬಹುದು, ಆಕ್ಸಲೇಟ್ ಕಡಿಮೆ. ಬೀಜ ಬಲು ಸಣ್ಣದು, ಆಳಕ್ಕೆ ಹೋದರೆ ಮೊಳೆಯದು. ಕೈಯಿಂದ ಜಗ್ಗಿದರೂ ಕೀಳದಷ್ಟು ಬೇರೂರಿದ ಮೇಲೆ ಕುದುರೆ ಬಿಡಿ. ನಾಲ್ಕು ಬೆರಳಿಗಿಂತ ಗಿಡ್ಡವಾದರೆ ಜಾಗ ಬದಲಿಸಿ.

ಬೇಲಿಗೆ ಮುಳ್ಳುತಂತಿ ಬೇಡವೇ ಬೇಡ, ಬೆದರಿದ ಕುದುರೆ ಅದಕ್ಕೇ ನುಗ್ಗಿ ಚರ್ಮ ಹರಿದುಕೊಳ್ಳುತ್ತದೆ. ಲದ್ದಿ ಬಿದ್ದ ಕಡೆ ಕುದುರೆ ಮೇಯುವುದಿಲ್ಲ, ಆದ್ದರಿಂದ ವಾರಕ್ಕೆರಡು ಸಲವಾದರೂ ಎತ್ತಿ ಹಾಕಿ. ಜಂತುಹುಳದ ಕಾಟವೂ ತಗ್ಗುತ್ತದೆ.

400 ಕಿಲೋ ತೂಗುವ ಕುದುರೆಗೆ ದಿನಕ್ಕೆ ಸುಮಾರು 8 ಕಿಲೋ ಒಣತೂಕದ ಮೇವು ಬೇಕು. ಮಳೆಯನ್ನೇ ನಂಬಿದ ಒಂದೆರಡು ಎಕರೆ ಅಷ್ಟನ್ನು ವರ್ಷವಿಡೀ ಕೊಡದು. ಬೇಸಿಗೆಯ ಒಣಹುಲ್ಲನ್ನು ಸುಗ್ಗಿಯಲ್ಲೇ ಕೊಂಡು ಒಟ್ಟಿಕೊಳ್ಳಿ.