ಹೆನ್ರಿ ಫೋರ್ಡ್: ಸಾಧನೆಯೂ ಶೀಲವೂ

ಖ್ಯಾತರ ಚರಿತ್ರಕಾರರು ಸಾಧನೆಯನ್ನೂ ಶೀಲವನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೂಗುವುದು ವಾಡಿಕೆ. ಅಮೆರಿಕದ ಉದ್ಯಮಿ ಹೆನ್ರಿ ಫೋರ್ಡನ ವಿಷಯದಲ್ಲಿ ಈ ತೂಕ ಸಲ್ಲದೆಂದು ನಮ್ಮ ಅಭಿಪ್ರಾಯ. 1908ರಲ್ಲಿ ಆತನು ಹೊರತಂದ ಟಿ ಮಾದರಿಯ ಕಾರು ಕ್ರಮೇಣ ಸಾಮಾನ್ಯರ ಕೈಗೆಟುಕಿತು. 1914ರಲ್ಲಿ ಘೋಷಿಸಿದ ಐದು ಡಾಲರ್ ದಿನಗೂಲಿ ಕಾರ್ಮಿಕರ ಸಂಪಾದನೆಯನ್ನು ಸುಮಾರು ಇಮ್ಮಡಿಗೊಳಿಸಿತು. ಆದರೆ ಅದನ್ನು ಪೂರ್ಣವಾಗಿ ಪಡೆಯಲು ಕಾರ್ಮಿಕನ ಮನೆವಾರ್ತೆ, ಕುಡಿತ, ಉಳಿತಾಯಗಳು ಕಂಪನಿಯ ತನಿಖೆದಾರರಿಗೆ ಒಪ್ಪಿಗೆಯಾಗಬೇಕಿತ್ತು. 1920ರಿಂದ ಆತನ ವಾರಪತ್ರಿಕೆ ಯಹೂದ್ಯರ ಮೇಲೆ ವಿಷ ಕಾರಿತು. ಅದನ್ನು ಹಂಚಿದವರಲ್ಲಿ ಆತನ ಕಾರು ಮಾರುವ ವರ್ತಕರೂ ಇದ್ದರು. 1927ರಲ್ಲಿ ಆತನು ಕ್ಷಮೆ ಯಾಚಿಸಿದುದು ನಿಜ. ಆದರೂ ದ್ವೇಷಕ್ಕೆ ವಾಹನವಾದುದು ಆ ಸಾಧನೆಯೇ. ಇವೆರಡೂ ಹೆಣೆದುಕೊಂಡ ಬಗೆಯನ್ನು ತೋರಿಸುವುದು ವಿಮರ್ಶಕನ ಹೊಣೆ.