ಇನ್ನು ಹಳಕಟ್ಟಿಯವರನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು

ಫ.ಗು. ಹಳಕಟ್ಟಿಯವರು ತೀರಿಕೊಂಡದ್ದು 1964ರ ಜೂನ್ 29ರಂದು. ಲೇಖಕರು ತೀರಿಕೊಂಡ ಮರುವರ್ಷದ ಮೊದಲ ದಿನದಿಂದ 60 ವರ್ಷ ಕಳೆದರೆ ಅವರ ಬರಹ ಎಲ್ಲರ ಸೊತ್ತಾಗುತ್ತದೆ ಎನ್ನುತ್ತದೆ ನಮ್ಮ ಹಕ್ಕುಸ್ವಾಮ್ಯ ಕಾಯಿದೆ. ಹಾಗಾಗಿ 2025ರ ಜನವರಿ 1ರಿಂದ ಹಳಕಟ್ಟಿಯವರ ಪುಸ್ತಕಗಳನ್ನು ಅಚ್ಚು ಹಾಕಲು ಯಾರ ಅಪ್ಪಣೆಯೂ ಬೇಕಿಲ್ಲ. ಹಳ್ಳಿಖೇಡದಲ್ಲೊಬ್ಬರು ಡಿಟಿಪಿ ಅಂಗಡಿ ಇಟ್ಟುಕೊಂಡು ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿ ಬಸವಕಲ್ಯಾಣದ ಶರಣ ಕಮ್ಮಟದಲ್ಲಿ ಮಾರಿದರೂ ಕಾನೂನು ತಡೆಯುವುದಿಲ್ಲ. ಇದು ಸಂತೋಷದ ಸಂಗತಿ, ಆ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಹಕ್ಕು ಎಲ್ಲರದಾದ ಕೂಡಲೇ ಹೊಣೆ ಯಾರದೂ ಅಲ್ಲದಂತಾಗುತ್ತದೆ. ಹಳೆಯ ಪುಸ್ತಕವನ್ನು ಮರುಮುದ್ರಿಸುವವರು ಆ ಪುಸ್ತಕದ ಹುಟ್ಟಿನ ವಿವರವನ್ನೂ ಜೊತೆಗೇ ಕೊಡಬೇಕು: ಯಾವ ವರ್ಷದ ಯಾವ ಆವೃತ್ತಿ, ಸಂಪಾದಕರು ಯಾರು, ಯಾವ ಓಲೆಯ ಕಟ್ಟುಗಳನ್ನು ನೋಡಿ ಪಾಠ ಸಿದ್ಧವಾಯಿತು, ಈಗಿನವರು ಏನನ್ನು ಬಿಟ್ಟರು, ಏನನ್ನು ಸೇರಿಸಿದರು. ಇಷ್ಟೂ ಇಲ್ಲದ ಮರುಮುದ್ರಣ ಎಷ್ಟೇ ಅಂದವಾಗಿದ್ದರೂ ಅದನ್ನು ನಂಬಿ ಒಂದು ಸಾಲನ್ನೂ ಉಲ್ಲೇಖಿಸಲಾಗದು.

ಹಳಕಟ್ಟಿಯವರ ಪುಸ್ತಕವನ್ನೇ ಹತ್ತಿರದಿಂದ ನೋಡೋಣ. ವಿಜಾಪುರದ ಈ ವಕೀಲರು ಊರೂರು ತಿರುಗಿ ಮಠ ಮನೆಗಳಿಂದ ತಾಡೋಲೆ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರತಂದರು. ಮನೆ ಮಾರಿ ಮುದ್ರಣಾಲಯ ಮಾಡಿಕೊಂಡರು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ‘ಶಿವಾನುಭವ’ ಪತ್ರಿಕೆ. ‘ವಚನಶಾಸ್ತ್ರಸಾರ’ದ ವಿಶೇಷ ಇರುವುದು ಅದರ ಜೋಡಣೆಯಲ್ಲಿ. ಅಲ್ಲಿ ವಚನಗಳು ಶರಣರ ಹೆಸರಿನ ಕೆಳಗೆ ಸಾಲಾಗಿ ನಿಂತಿಲ್ಲ. ವಿಷಯ ಹಿಡಿದು, ತತ್ತ್ವದ ಕ್ರಮದಲ್ಲಿ, ಹಲವು ಶರಣರ ಮಾತುಗಳು ಒಟ್ಟೊಟ್ಟಿಗೆ ಬರುತ್ತವೆ. ವಚನಗಳಲ್ಲಿ ಒಂದು ಶಾಸ್ತ್ರವಿದೆ, ಅದಕ್ಕೊಂದು ಕಟ್ಟು ಇದೆ ಎಂದು ತೋರಿಸುವುದು ಅವರ ಉದ್ದೇಶವಾಗಿತ್ತು. 70 ವರ್ಷಗಳ ನಂತರ, 1993ರಲ್ಲಿ, ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ತಂದ 15 ಸಂಪುಟಗಳ ‘ಸಮಗ್ರ ವಚನ ಸಾಹಿತ್ಯ’ ಬೇರೆ ದಾರಿ ಹಿಡಿಯಿತು. ಅಲ್ಲಿ ವಚನಕಾರರೇ ಘಟಕ, ಒಬ್ಬೊಬ್ಬರ ವಚನಗಳೂ ಒಂದೆಡೆ. ಮೊದಲನೆಯದರಲ್ಲಿ ಒಂದು ತತ್ತ್ವವನ್ನು ಅನೇಕರು ಸೇರಿ ಮಾತಾಡುತ್ತಾರೆ, ಎರಡನೆಯದರಲ್ಲಿ ಒಬ್ಬ ಅಂಬಿಗರ ಚೌಡಯ್ಯ ತನ್ನ ದನಿಯಲ್ಲಿ ತಾನೇ ಮಾತಾಡುತ್ತಾನೆ. ಇಂದಿಗೆ ಒಪ್ಪತಕ್ಕ ಪಾಠ ಬೇಕಿದ್ದವರು ನಂತರದ ಸಂಪುಟಗಳಿಗೇ ಹೋಗಬೇಕು. ನಮ್ಮ ಅಜ್ಜಂದಿರ ಕೈಗೆ ವಚನಗಳು ಮೊದಲ ಬಾರಿ ಯಾವ ರೂಪದಲ್ಲಿ ಬಂದವು ಎಂದು ತಿಳಿಯಬೇಕಾದವರಿಗೆ 1923ರ ಪುಸ್ತಕವೇ ಬೇಕು. ಎರಡಕ್ಕೂ ಬೆಲೆಯಿದೆ. ಮುಖಪುಟದ ಮೇಲೆ ‘ವಚನಗಳು’ ಎಂದಷ್ಟೇ ಬರೆದು ಒಳಗೆ ಹಳೆಯ ಪಾಠ ತುಂಬಿದರೆ ಓದುಗರಿಗೆ ಎರಡರಲ್ಲಿ ಒಂದೂ ದಕ್ಕುವುದಿಲ್ಲ.

ಕಲ್ಯಾಣದ ನೆಲದಲ್ಲೇ ಹುಟ್ಟಿದ ಇನ್ನೊಂದು ಪುಸ್ತಕದ ಕಥೆ ಇದಕ್ಕಿಂತ ಬಲವಾದ ಸಾಕ್ಷಿ. ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದ. ಹುಮನಾಬಾದಿನ ಕೋರ್ಟಿನಲ್ಲಿ ಪಿತ್ರಾರ್ಜಿತ ಹೊಲದ ಪಾಲಿಗೆ ದಾವೆ ಹೂಡಿದವರ ವಕೀಲರು ಇವತ್ತಿಗೂ ಈ ಹೆಸರನ್ನು ಹೇಳುತ್ತಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೂ 2005ರ ಅದರ ತಿದ್ದುಪಡಿಯೂ ಮಿತಾಕ್ಷರ ಕುಟುಂಬವನ್ನು ಹೆಸರಿಟ್ಟೇ ಕರೆಯುತ್ತವೆ. ಈ ಗ್ರಂಥಕ್ಕೆ ಮೂರು ಕಾಂಡ: ಆಚಾರ, ವ್ಯವಹಾರ, ಪ್ರಾಯಶ್ಚಿತ್ತ. 1810ರಲ್ಲಿ ಕಲ್ಕತ್ತೆಯಲ್ಲಿ ಕೋಲ್‌ಬ್ರೂಕ್ ಇಂಗ್ಲಿಷಿಗೆ ತಂದದ್ದು ವ್ಯವಹಾರ ಕಾಂಡದೊಳಗಿನ ದಾಯವಿಭಾಗವನ್ನು ಮಾತ್ರ, ಅದೂ ಜೀಮೂತವಾಹನನ ‘ದಾಯಭಾಗ’ದ ಜೊತೆಗೆ. ಕಂಪನಿಯ ನ್ಯಾಯಾಲಯಗಳಿಗೆ ಬೇಕಾಗಿದ್ದುದು ಆಸ್ತಿ ಹಂಚುವ ನಿಯಮ. ಮುಂದೆ ಈ ತುಣುಕೇ ‘ಮಿತಾಕ್ಷರ’ ಎಂಬ ಹೆಸರಿನಲ್ಲಿ ದೇಶವಿಡೀ ಹಬ್ಬಿತು, ಇಂದಿಗೂ ಮರುಮುದ್ರಣಗೊಳ್ಳುತ್ತಿದೆ. ಇದರಿಂದ ನಮಗಾದ ನಷ್ಟ ಸಣ್ಣದಲ್ಲ. ಗ್ರಂಥ ಮುಗಿಸುವಾಗ ವಿಜ್ಞಾನೇಶ್ವರ ಕಲ್ಯಾಣ ಪಟ್ಟಣವನ್ನೂ ಅದರ ದೊರೆಯನ್ನೂ ಮನಸಾರೆ ಹೊಗಳಿ ತನ್ನ ಕೆಲಸವನ್ನು ಈ ಊರಿಗೆ ಗಂಟು ಹಾಕಿದ್ದಾನೆ. ಆ ಶ್ಲೋಕಗಳಿರುವುದು ಮೂರನೆಯ ಕಾಂಡದ ತುದಿಯಲ್ಲಿ. ಆಸ್ತಿ ಹಂಚಿಕೆಯ ಭಾಗವನ್ನಷ್ಟೇ ಮರುಮುದ್ರಿಸಿದ ಪುಸ್ತಕದಲ್ಲಿ ಅವು ಬರುವಂತೆಯೇ ಇಲ್ಲ. ಕಲ್ಯಾಣದವರು ದುಡ್ಡು ಕೊಟ್ಟು ‘ಮಿತಾಕ್ಷರ’ ಕೊಂಡರೂ ಅದರಲ್ಲಿ ಕಲ್ಯಾಣವನ್ನು ಕಾಣರು. ಇದು ಇಡೀ ಗ್ರಂಥದ ಒಂದು ಭಾಗ ಎಂದು ಶೀರ್ಷಿಕೆ ಪುಟದಲ್ಲಿ ಒಂದು ಸಾಲು ಬರೆದಿದ್ದರೆ ಸಾಕಿತ್ತು, ಓದುಗರು ಉಳಿದದ್ದನ್ನು ಹುಡುಕಿಕೊಂಡು ಹೋಗುತ್ತಿದ್ದರು.

ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ಕ್ಕೂ ಇದೇ ಗತಿ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು, ಒಟ್ಟು ನೂರು ಅಧ್ಯಾಯ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1926ರಲ್ಲಿ ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಇದರ ಇನ್ನೊಂದು ಹೆಸರಿನಲ್ಲಿ ಮೊದಲ ಭಾಗವನ್ನು ಹೊರತಂದರು. ಬರೋಡೆಯ ಗಾಯಕವಾಡ ಮಾಲೆಯಲ್ಲಿ ಶ್ರೀಗೊಂಡೇಕರರ ಸಂಪಾದನೆ 1925, 1939, 1961 ಹೀಗೆ ಮೂರು ಕಂತಿನಲ್ಲಿ ಬಂತು. ಇಡ್ಲಿಯ ಪೂರ್ವಜನಾದ ಇಡ್ಡರಿಕೆಯ ವಿಷಯ ಓದಬೇಕೆಂದು ಮೊದಲ ಸಂಪುಟದ ಮರುಮುದ್ರಣ ಕೊಂಡವರು ಪುಟ ಮಗುಚಿ ಮಗುಚಿ ಸೋಲುತ್ತಾರೆ. ಅನ್ನಭೋಗದ ಆ ಅಧ್ಯಾಯ ಮೂರನೆಯ ವಿಂಶತಿಯಲ್ಲಿದೆ. ಇನ್ನು ಅದೇ ವಿಕ್ರಮಾದಿತ್ಯನನ್ನು ಕುರಿತ ಬಿಲ್ಹಣನ ‘ವಿಕ್ರಮಾಂಕದೇವಚರಿತ’. ಜೈಸಲ್ಮೇರಿನ ಜೈನ ಭಂಡಾರದಲ್ಲಿ ಸಿಕ್ಕ ತಾಡೋಲೆಯಿಂದ ಬ್ಯೂಲರ್ ಅದನ್ನು 1875ರಲ್ಲಿ ಮುಂಬಯಿಯಲ್ಲಿ ಅಚ್ಚು ಮಾಡಿಸಿದ. 1945ರಲ್ಲಿ ಕಾಶಿಯಿಂದ ಬಂದ ಮುರಾರಿಲಾಲ್ ನಾಗರರ ಆವೃತ್ತಿ ಇನ್ನಷ್ಟು ಪ್ರತಿಗಳನ್ನು ನೋಡಿ ಪಾಠ ತಿದ್ದಿತು. ಹಳೆಯದೆಲ್ಲ ಶುದ್ಧ ಎಂಬ ನಂಬಿಕೆಗೆ ಇಲ್ಲಿ ಜಾಗವಿಲ್ಲ. ಬ್ಯೂಲರನ ಪುಸ್ತಕದ ಹಿರಿಮೆ ಅದು ಮೊದಲನೆಯದು ಎಂಬುದರಲ್ಲಿ, ಮತ್ತು ಆ ಶೋಧವನ್ನು ವಿವರಿಸುವ ಅದರ ಪೀಠಿಕೆಯಲ್ಲಿ. ಪೀಠಿಕೆ ಕಿತ್ತುಹಾಕಿ ಮೂಲವನ್ನಷ್ಟೇ ಮರುಮುದ್ರಿಸಿದರೆ, ಉಳಿಸಬೇಕಾದ್ದನ್ನು ಬಿಟ್ಟು ತಿದ್ದಬೇಕಾದ್ದನ್ನು ಉಳಿಸಿಕೊಂಡಂತಾಗುತ್ತದೆ.

ಧಾರ್ಮಿಕ ಗ್ರಂಥಗಳ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ‘ಶೂನ್ಯಸಂಪಾದನೆ’ ಎಂಬ ಹೆಸರಿನ ಗ್ರಂಥಗಳು ನಾಲ್ಕಿವೆ: ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಇವರು ಮಾಡಿದ್ದು. ನಾಲ್ವರೂ ಅಲ್ಲಮಪ್ರಭುವಿನ ಸುತ್ತ ಅದೇ ಶರಣರನ್ನು ಕೂಡಿಸುತ್ತಾರೆ, ಆದರೆ ಸೊನ್ನಲಿಗೆಯ ಸಿದ್ಧರಾಮನ ದೀಕ್ಷೆಯಂಥ ಪ್ರಸಂಗ ನಾಲ್ಕರಲ್ಲೂ ಒಂದೇ ರೀತಿ ಇಲ್ಲ. ಯಾರ ಸಂಪಾದನೆ ಎಂದು ಹೇಳದೆ ಬರಿಯ ‘ಶೂನ್ಯಸಂಪಾದನೆ’ಯನ್ನು ಮಾರಿದರೆ, ಇಬ್ಬರು ಭಕ್ತರು ತಮ್ಮ ತಮ್ಮ ಪುಸ್ತಕ ಹಿಡಿದು ವಾದಕ್ಕೆ ಕುಳಿತಾಗ ಇಬ್ಬರದೂ ಸರಿ, ಇಬ್ಬರದೂ ತಪ್ಪು. ಬಸವಣ್ಣನವರ ವಚನಗಳ ಅಂಕಿತವನ್ನು ‘ಲಿಂಗದೇವ’ ಎಂದು ಬದಲಿಸಿದ್ದ ‘ವಚನ ದೀಪ್ತಿ’ಯನ್ನು ರಾಜ್ಯ ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು, 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಪುಸ್ತಕ ತಡೆಯುವುದು ಸರ್ಕಾರದ ಕೆಲಸವೇ ಎಂಬ ಚರ್ಚೆ ಬೇರೆ. ಇಲ್ಲಿ ಗಮನಿಸಬೇಕಾದದ್ದು ಇಷ್ಟು: ಅಂಕಿತ ಬದಲಾಗಿದೆ ಎಂದು ಸಾಮಾನ್ಯ ಓದುಗರೂ ಕೈಯಿಟ್ಟು ತೋರಿಸಲು ಸಾಧ್ಯವಾದದ್ದು, ಹಳಕಟ್ಟಿ, ಬಸವನಾಳರಂಥವರ ಆವೃತ್ತಿಗಳು ಮನೆಮನೆಯಲ್ಲಿ, ಮಠಗಳಲ್ಲಿ ಇದ್ದುದರಿಂದ. ಹಳೆಯ ಆವೃತ್ತಿಗಳು ಹಳೆಯ ರೂಪದಲ್ಲೇ ಚಲಾವಣೆಯಲ್ಲಿದ್ದರೆ ಹೊಸ ಬದಲಾವಣೆ ಯಾರು ಮಾಡಿದರೂ ಕಾಣುತ್ತದೆ. ಮರುಮುದ್ರಣದ ದೊಡ್ಡ ಪ್ರಯೋಜನ ಇದೇ ಎಂದು ನನಗೆ ಅನಿಸುತ್ತದೆ.

ಪಾರಾಯಣದ ಪುಸ್ತಕಕ್ಕೆ ಇದೆಲ್ಲ ಯಾತಕ್ಕೆ ಎನ್ನುವವರಿದ್ದಾರೆ. ಬೀದರ್ ಸೀಮೆಯ ಮನೆಗಳಲ್ಲಿ ಕನ್ನಡದ ವಚನಗಳ ಪಕ್ಕದಲ್ಲೇ ಮನ್ಮಥಸ್ವಾಮಿಗಳ ಮರಾಠಿ ‘ಪರಮರಹಸ್ಯ’ವೂ ಸರಸ್ವತಿ ಗಂಗಾಧರರ ‘ಗುರುಚರಿತ್ರೆ’ಯೂ ಇರುತ್ತವೆ. ಭಕ್ತಿಯಿಂದ ಓದುವವರು ಪಾಠಾಂತರ ನೋಡುತ್ತ ಕೂರುವುದಿಲ್ಲ ಎಂಬ ಮಾತು ಗೌರವಕ್ಕೆ ತಕ್ಕದ್ದೇ. ಆದರೆ ಗುರುಚರಿತ್ರೆಯನ್ನೇ ತೆಗೆದುಕೊಳ್ಳಿ. ಕೆಲವು ಮುದ್ರಣಗಳಲ್ಲಿ 52 ಅಧ್ಯಾಯ, ಕೆಲವುಗಳಲ್ಲಿ 53. ಏಳು ದಿನದ ಸಪ್ತಾಹಕ್ಕೆ ಅಧ್ಯಾಯ ಹಂಚಿಕೊಳ್ಳುವವರಿಗೆ ಈ ಒಂದರ ವ್ಯತ್ಯಾಸ ಸಣ್ಣದೇನಲ್ಲ. ಆ ಮರಾಠಿ ಗ್ರಂಥದ ನಡುವೆ ಕನ್ನಡ ಪದ್ಯಗಳೂ ಇವೆ. ಗಾಣಗಾಪುರದ ಗುರುವಿನ ಚರಿತ್ರೆಯಲ್ಲಿ ಕನ್ನಡ ಇರುವುದು ಸಹಜ. ಆದರೆ ಕನ್ನಡ ಬಾರದವರು ನಾಗರಿ ಲಿಪಿಯಲ್ಲಿ ಮೊಳೆ ಜೋಡಿಸುತ್ತ ಬಂದದ್ದರಿಂದ ಆ ಸಾಲುಗಳು ಒಂದೊಂದು ಮುದ್ರಣದಲ್ಲಿ ಒಂದೊಂದು ರೂಪ ತಾಳಿವೆ. ಭಕ್ತಿಯಿಂದ ಓದುವವರಿಗೇ ಅಕ್ಷರ ಶುದ್ಧವಾಗಿರಬೇಕಲ್ಲವೆ? ಉಚ್ಚಾರ ತಪ್ಪಬಾರದು ಎಂದು ಕಟ್ಟುನಿಟ್ಟು ಮಾಡುವವರು ಅವರೇ.

ಬೆಲೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಪೀಠಿಕೆ, ಪಾಠಾಂತರ, ಅಕಾರಾದಿ ಎಲ್ಲ ಸೇರಿಸಿದರೆ ಪುಸ್ತಕ ದಪ್ಪಗಾಗಿ ಬಡವರ ಕೈಗೆ ಎಟುಕುವುದಿಲ್ಲ ಎನ್ನುತ್ತಾರೆ. ಸಮಗ್ರ ವಚನ ಸಂಪುಟಗಳು ಇದಕ್ಕೆ ಉತ್ತರ ಕೊಟ್ಟಾಗಿದೆ. 15 ಸಂಪುಟಗಳಲ್ಲಿ ಕೊನೆಯದು ಪೂರ್ತಿ ಪಾರಿಭಾಷಿಕ ಪದಗಳ ಕೋಶ, ಆದರೂ ಸರ್ಕಾರದ ನೆರವಿನಿಂದ ಅವು ಅಗ್ಗದ ಬೆಲೆಗೆ ಸಿಕ್ಕವು, ಮತ್ತೆ ಮತ್ತೆ ಅಚ್ಚಾದವು. ಸರ್ಕಾರದ ಹಣವಿಲ್ಲದ ಚಿಕ್ಕ ಪ್ರಕಾಶಕರಿಗೆ ಎಲ್ಲವನ್ನೂ ಕೊಡುವುದು ಕಷ್ಟ, ಒಪ್ಪುತ್ತೇನೆ. ಅವರಿಂದ ಒಂದು ಪುಟ ಸಾಕು. ಮೂಲ ಆವೃತ್ತಿಯ ಶೀರ್ಷಿಕೆ ಪುಟದ ಪಡಿಯಚ್ಚು ಎಡಕ್ಕೆ, ತಾವು ಮಾಡಿದ ಬದಲಾವಣೆಯ ನಾಲ್ಕು ಸಾಲು ಬಲಕ್ಕೆ. ಇದಕ್ಕೆ ತಗಲುವ ಕಾಗದ ಒಂದೇ ಹಾಳೆ.

ಅಂತರ್ಜಾಲದಲ್ಲಿ ಪಿಡಿಎಫ್ ಪುಕ್ಕಟೆ ಸಿಗುವಾಗ ಮರುಮುದ್ರಣವೇ ಬೇಡ ಎನ್ನುವವರು ಒಮ್ಮೆ ಯಜ್ದಾನಿಯವರ ಪುಸ್ತಕವನ್ನು ನೆನೆಯಬೇಕು. ಗುಲಾಂ ಯಜ್ದಾನಿ ನಿಜಾಮರ ಪುರಾತತ್ತ್ವ ಇಲಾಖೆಯಲ್ಲಿದ್ದು ಬರೆದ ಬೀದರಿನ ಇತಿಹಾಸ ಮತ್ತು ಸ್ಮಾರಕಗಳ ಗ್ರಂಥ 1947ರಲ್ಲಿ ಆಕ್ಸ್‌ಫರ್ಡಿನಿಂದ ಬಂತು. 1995ರಲ್ಲಿ ಮೋತಿಲಾಲ್ ಬನಾರಸಿದಾಸ್ ಅದನ್ನು ಮರುಮುದ್ರಿಸಿತು. ಅದರ ಜೀವಾಳ ನಕ್ಷೆ ಮತ್ತು ಚಿತ್ರಫಲಕಗಳು. ಮಹಮೂದ್ ಗವಾನನ ಮದ್ರಸಾದ ಹೆಂಚಿನ ಕೆಲಸವಾಗಲಿ, ಅಷ್ಟೂರಿನಲ್ಲಿ ಅಹಮದ್ ಷಾ ವಲಿಯ ಗೋರಿಯೊಳಗಿನ ಬಣ್ಣದ ಬರಹವಾಗಲಿ, ಮಾತಿನಲ್ಲಿ ಎಷ್ಟು ವಿವರಿಸಿದರೂ ಕಣ್ಣಿಗೆ ಬೀಳದೆ ತಿಳಿಯುವುದಿಲ್ಲ. ಸ್ಕ್ಯಾನ್ ಮಾಡುವವರ ಆತುರಕ್ಕೆ ಮೊದಲು ಬಲಿಯಾಗುವುದು ಇಂಥ ಪುಟಗಳೇ. ಮಡಿಚಿಟ್ಟ ನಕ್ಷೆಯನ್ನು ಬಿಚ್ಚದೆ ಹಾಗೆಯೇ ಯಂತ್ರದ ಕೆಳಗಿಡುತ್ತಾರೆ, ಚಿತ್ರ ಮಸಿ ಬಳಿದಂತಾಗುತ್ತದೆ, ಎರಡು ಪುಟ ಒಟ್ಟಿಗೆ ಮಗುಚಿ ಹೋಗುತ್ತವೆ. ಅದೇ ಪಿಡಿಎಫ್ ಇಳಿಸಿಕೊಂಡು, ಬೇಡಿಕೆ ಬಂದಾಗ ಒಂದೊಂದೇ ಪ್ರತಿ ತೆಗೆದು, ಚರ್ಮದಂತೆ ಕಾಣುವ ರಟ್ಟಿಗೆ ಚಿನ್ನದ ಬಣ್ಣದ ಅಕ್ಷರ ಒತ್ತಿ ಮಾರುವ ವ್ಯಾಪಾರ ಈಗ ಜೋರಾಗಿದೆ. ಕೊಳ್ಳುವವರು ರಟ್ಟಿಗೆ ಮರುಳಾಗದೆ ಮೊದಲು ಪುಟಸಂಖ್ಯೆ ಸಾಲಾಗಿದೆಯೇ ನೋಡಬೇಕು. ಚಿತ್ರಗಳ ಪಟ್ಟಿಯಲ್ಲಿರುವ ಕೊನೆಯ ಚಿತ್ರ ಪುಸ್ತಕದಲ್ಲಿದೆಯೇ ನೋಡಬೇಕು, ಒಪ್ಪೋಲೆ ಉಳಿದಿದೆಯೇ ಎಂದು ಹಿಂದಿನ ಪುಟ ತಿರುವಬೇಕು. ಹೊಲಿಗೆ ಹಾಕಿದ ಪುಸ್ತಕವೋ ಬರಿ ಅಂಟು ಹಚ್ಚಿದ್ದೋ ಎಂಬುದು ಆಮೇಲಿನ ಮಾತು.

ಹಳೆಯ ಕಾಗುಣಿತ ಈಗಿನ ಮಕ್ಕಳಿಗೆ ತೊಡಕು, ಆದ್ದರಿಂದ ಹೊಸದಾಗಿ ಬೆರಳಚ್ಚು ಮಾಡಿಸುವುದೇ ಸರಿ ಎಂಬ ವಾದದಲ್ಲಿ ಅರ್ಧ ಸತ್ಯವಿದೆ. ಶಾಲೆಗೆ, ಮನೆಗೆ ಅಂಥ ಪುಸ್ತಕ ಬೇಕು. ಆದರೆ ಬೆರಳಚ್ಚು ಎಂದರೆ ಹೊಸ ಕರಡು, ಹೊಸ ತಪ್ಪು. ಹಳಗನ್ನಡ ಪುಸ್ತಕದ ಱ ಮತ್ತು ೞ ಅಕ್ಷರಗಳು ಯಂತ್ರ ಓದುವಾಗ ರ, ಳ ಆಗಿ ಬಿಡುತ್ತವೆ, ಕೆಲವೊಮ್ಮೆ ಗುರುತೇ ಸಿಗದ ಬೇರೆ ಅಕ್ಷರವಾಗುತ್ತವೆ. ಮೂಲ ಪಕ್ಕದಲ್ಲಿಲ್ಲದೆ ಕರಡು ತಿದ್ದುವವರು ಅರ್ಥ ಹೊಂದುವಂತೆ ಊಹಿಸಿ ತಿದ್ದುತ್ತಾರೆ, ಆ ಊಹೆಯೇ ಮುಂದಿನವರಿಗೆ ಪಾಠವಾಗುತ್ತದೆ. ಆದ್ದರಿಂದ ಮೊದಲು ಯಥಾಪ್ರತಿ, ಅದನ್ನು ಆಧರಿಸಿ ಸರಳ ಆವೃತ್ತಿ, ಈ ಕ್ರಮ ತಪ್ಪಬಾರದು.

ಕಲ್ಯಾಣದಲ್ಲಿ ಹೊಸ ಅನುಭವ ಮಂಟಪ ಎದ್ದು ನಿಲ್ಲುತ್ತಿರುವ ಹೊತ್ತಿದು. ನಿಜಾಮರ ಕಾಲದಲ್ಲಿ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಚನ್ನಬಸವ ಪಟ್ಟದೇವರ ಭಾಲ್ಕಿ ಮಠ ಪಕ್ಕದಲ್ಲೇ ಇದೆ, ಪುಸ್ತಕ ಪ್ರಕಟಣೆ ಅದಕ್ಕೆ ಹೊಸದಲ್ಲ. ಮಂಟಪದವರೂ ಮಠದವರೂ ಸೇರಿ ಒಂದು ಮಾಲೆ ಶುರುಮಾಡುವುದಾದರೆ ಮೊದಲ ಪುಸ್ತಕವಾಗಿ 1923ರ ‘ವಚನಶಾಸ್ತ್ರಸಾರ’ ಬರಲಿ: ಅದೇ ಆಕಾರ, ಅದೇ ಪುಟ, ಅದೇ ಮುನ್ನುಡಿ. ಪ್ರತಿ ವಚನದ ಅಂಚಿನಲ್ಲಿ ಸಮಗ್ರ ಸಂಪುಟದಲ್ಲಿ ಅದಕ್ಕಿರುವ ಸಂಖ್ಯೆಯನ್ನು ಸಣ್ಣ ಅಕ್ಷರದಲ್ಲಿ ಸೇರಿಸಿದರೆ ಎರಡೂ ಪುಸ್ತಕ ತೆರೆದಿಟ್ಟು ಹೋಲಿಸಿ ಓದಬಹುದು. ಎರಡನೆಯದಾಗಿ ಮೂರೂ ಕಾಂಡಗಳ ‘ಮಿತಾಕ್ಷರ’, ಮೂಲವೂ ಕನ್ನಡವೂ ಎದುರುಬದುರು ಪುಟದಲ್ಲಿ, ಕೊನೆಯ ಶ್ಲೋಕಗಳ ಸಮೇತ.